ದಾಖಲೆಯೂ ದಾಖಲಾತಿಯೂ

ರಸೀದಿಯಿಲ್ಲದ ಸರಕನ್ನು ಸಂಶಯದಿಂದ ನೋಡುವುದು ವ್ಯಾಪಾರದಲ್ಲಿ ವಿವೇಕವೆನಿಸುತ್ತದೆ. ಆದರೆ ರಸೀದಿ ಕಳೆದುಹೋಯಿತೆಂದು ಮಳಿಗೆಯಲ್ಲಿರುವ ಸರಕೇ ಇಲ್ಲವೆಂದು ಯಾವ ವರ್ತಕನೂ ಲೆಕ್ಕ ಬರೆಯಲಾರನು. ಸರ್ಕಾರಿ ಶಾಲೆಯ ಬಾಗಿಲಲ್ಲಿ ಮಾತ್ರ ಒಮ್ಮೊಮ್ಮೆ ಇಂತಹ ಲೆಕ್ಕ ನಡೆಯುತ್ತದೆ. ಮಗು ಕಣ್ಣೆದುರು ನಿಂತಿದ್ದರೂ ಕಾಗದವಿಲ್ಲದ ಕಾರಣಕ್ಕೆ ಅದು ಇಲ್ಲದಂತಾಗುತ್ತದೆ.

ಯಾದಗಿರಿ, ರಾಯಚೂರುಗಳ ಕಡೆಯಿಂದ ಕಟ್ಟಡದ ಕೆಲಸಕ್ಕಾಗಿ ಬೆಂಗಳೂರಿಗೆ ಗುಳೆ ಬರುವ ಕುಟುಂಬಗಳನ್ನು ಗಮನಿಸಬೇಕು. ಕೂಲಿ ದೊರೆಯುವ ಕಾಲಕ್ಕೆ ಊರು ಬಿಡುವ ಈ ಜನರಿಗೆ ಜೂನ್ ತಿಂಗಳ ದಾಖಲಾತಿ ಕಾದು ಕುಳಿತಿರುವುದಿಲ್ಲ. ವರ್ಗಾವಣೆ ಪತ್ರ ಕೈಯಲ್ಲಿರದು. ಜನನ ಪ್ರಮಾಣಪತ್ರ ಊರಿನ ಟ್ರಂಕಿನಲ್ಲಿ ಉಳಿದಿರುತ್ತದೆ, ಇಲ್ಲವೇ ಮಾಡಿಸಿಯೇ ಇರುವುದಿಲ್ಲ. "ಟಿ.ಸಿ. ತಂದ ಮೇಲೆ ಬನ್ನಿ" ಎಂಬ ಒಂದು ಮಾತು ಸಾಕು. ಬಸ್ಸಿನ ಖರ್ಚನ್ನೂ ಕಳೆಯುವ ಕೂಲಿಯನ್ನೂ ಎಣಿಸಿದ ತಂದೆ ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಈ ಸಂಕಟವನ್ನು ಮೊದಲೇ ಕಂಡಿದೆ. ವಯಸ್ಸಿನ ಪುರಾವೆಯಿಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಕೂಡದೆನ್ನುತ್ತದೆ ಅದರ 14ನೆಯ ಕಲಂ. ವರ್ಗಾವಣೆ ಪತ್ರ ತಡವಾದುದು ನೆಪವಾಗಕೂಡದು. ಅದನ್ನು ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರೇ ಶಿಸ್ತುಕ್ರಮಕ್ಕೆ ಗುರಿಯಾಗುವರು. ಅವಧಿ ಮೀರಿ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು. ಎಂದೂ ಶಾಲೆ ಕಾಣದ ಹತ್ತು ವರ್ಷದ ಬಾಲಕಿಗೆ ವಯಸ್ಸಿಗೆ ತಕ್ಕ ತರಗತಿಯೂ ವಿಶೇಷ ತರಬೇತಿಯೂ ಸಲ್ಲಬೇಕು. ಆಧಾರ್ ಸಹ ಶಾಲಾ ಪ್ರವೇಶಕ್ಕೆ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪಿತ್ತಿತು.

ಕಾಯಿದೆಯ ಹೆಸರಿನಲ್ಲಿ ‘ಕಡ್ಡಾಯ’ ಎಂಬ ಪದವಿದೆ. ಯಾರಿಗೆ ಕಡ್ಡಾಯ? ಮಗುವಿಗೆಂದೇ ಹಲವರ ಭಾವನೆ. 8ನೆಯ ಕಲಂ ಆ ಹೊರೆಯನ್ನು ಸರ್ಕಾರದ ಹೆಗಲಿಗೆ ಹೊರಿಸುತ್ತದೆ: ಪ್ರವೇಶ, ಹಾಜರಿ, ಪೂರೈಕೆ ಮೂರನ್ನೂ ಅದೇ ಖಚಿತಪಡಿಸಬೇಕು. ವಲಸೆ ಬಂದವರ ಮಕ್ಕಳನ್ನು ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಹೀಗಿರುವಾಗ ತಂದೆ ಶಾಲೆಗೆ ಬಂದು ಕೈಮುಗಿದು ನಿಲ್ಲುವುದು ಸಾಲ ಕೊಟ್ಟವನೇ ಸಾಲಗಾರನ ಮುಂದೆ ಬೇಡಿದಂತೆ.

ಪುರಾವೆ ಕೇಳದಿದ್ದರೆ ಸುಳ್ಳಿಗೆ ದಾರಿಯಾಗದೇ ಎಂಬ ಆಕ್ಷೇಪ ನಿರಾಧಾರವಲ್ಲ. ಸತ್ಯವ್ರತಿಗಳು ಅದನ್ನು ಹಗುರವಾಗಿ ಕಾಣಲಾರರು. ಆದರೆ ಇಲ್ಲಿ ಎರಡು ತಪ್ಪುಗಳನ್ನು ತೂಗಬೇಕಾಗಿದೆ. ಹುಟ್ಟಿದ ವರ್ಷ ತಪ್ಪಾಗಿ ನಮೂದಾದರೆ ಪುರಾವೆ ದೊರೆತಂದು ತಿದ್ದಬಹುದು. ಎಂಟನೆಯ ವಯಸ್ಸಿನಲ್ಲಿ ಕಳೆದುಹೋದ ಒಂದು ವರ್ಷವನ್ನು ಯಾವ ಕಚೇರಿಯೂ ಹಿಂದಿರುಗಿಸದು. ಮುಂದೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಜನ್ಮದಿನಾಂಕವೇ ಬಾಳೆಲ್ಲ ಪುರಾವೆಯಾಗುವುದರಿಂದ ದಾಖಲೆಯನ್ನು ಕೇಳುವುದು ಸರಿಯೇ. ಮಗುವನ್ನು ತರಗತಿಯಲ್ಲಿ ಕೂರಿಸಿದ ಮೇಲೆ ಕೇಳಲಿ.

ಬಾಯಿಮಾತಿನ ನಿರಾಕರಣೆ ಯಾವ ಕಡತದಲ್ಲಿಯೂ ಉಳಿಯದು. ಆದ್ದರಿಂದ ಅದನ್ನು ಬರೆದುಕೊಡಿರೆಂದು ಕೇಳುವುದು ಉದ್ಧಟತನವಲ್ಲ. ಬಹುತೇಕ ಬಾಗಿಲು ಅಷ್ಟಕ್ಕೇ ತೆರೆದೀತು. ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ನಿರ್ಣಯವಾಗಬೇಕೆಂಬ ನಿಯಮವೂ ಉಂಟು. ಮೂರು ತಿಂಗಳಲ್ಲಿ ಕಟ್ಟಡವೇ ಮುಗಿದು ಕುಟುಂಬ ಬೇರೆಡೆಗೆ ಹೊರಟಿರಬಹುದೆಂಬುದನ್ನು ಶಾಸನಕಾರರು ಎಣಿಸಿದಂತಿಲ್ಲ.

ಜನನ ಮರಣ ನೋಂದಣಿ ಕಾಯಿದೆಯ 2023ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ಪ್ರವೇಶದಲ್ಲಿ ಜನನ ಪ್ರಮಾಣಪತ್ರವೇ ಹುಟ್ಟಿನ ಪುರಾವೆ. ಆ ಮಕ್ಕಳಿಗೆ 2029ರಲ್ಲಿ ಆರು ತುಂಬತೊಡಗುವುದು. 14ನೆಯ ಕಲಂ ರದ್ದಾಗಿಲ್ಲ. ಅಷ್ಟರೊಳಗೆ ಪ್ರತಿಯೊಂದು ಗುಡಿಸಲಿಗೂ ಆ ಪತ್ರವನ್ನು ಮುಟ್ಟಿಸಲು ನೋಂದಣಿ ಕಚೇರಿಗೆ ಇನ್ನೂ ಕಾಲವಿದೆ.