ಅಂತ್ಯಕಾಲದ ಸ್ಮರಣೆ: ಮಾತೋಶ್ರೀಯವರನ್ನು ನೆನೆದು

ನಮ್ಮ ಪೂಜ್ಯ ಮಾತೋಶ್ರೀಯವರು 2023ನೆಯ ಇಸವಿಯ ಕಾರ್ತಿಕ ಮಾಸದಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ದೇಹತ್ಯಾಗ ಮಾಡಿದರು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನು ಕಂಡ ತುಂಬು ಜೀವನ ಅವರದು. ಉತ್ತರಕ್ರಿಯೆಗಳ ದಿನಗಳಲ್ಲಿ ಮನೆಗೆ ಬಂದ ಬಂಧುಗಳೂ ಹಿರಿಯರೂ ನಮ್ಮನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: “ಕೊನೆಯ ಗಳಿಗೆಯಲ್ಲಿ ಹರಿನಾಮ ಬಂದಿತೇ?” ಅವರೆಲ್ಲ ವಿಶ್ವಾಸದಿಂದಲೇ ಕೇಳಿದರು. ಆದರೆ ನಿಜವನ್ನು ಹೇಳುವುದಾದರೆ ‘ಇಲ್ಲ’ ಎಂದೇ ಹೇಳಬೇಕಾಗಿತ್ತು. ಕೊನೆಯ ಎಂಟು ವರ್ಷಗಳ ಕಾಲ ಅವರಿಗೆ ಮರೆವಿನ ವ್ಯಾಧಿ ಇತ್ತು. ಮೊದಲು ನಿನ್ನೆಯ ಮಾತು ಮರೆಯಿತು; ಆಮೇಲೆ ಮಕ್ಕಳ ಹೆಸರು ಮರೆಯಿತು; ಕಡೆಗೆ ನಾಲಗೆಯ ಮೇಲೆ ಯಾವ ನಾಮವೂ ನಿಲ್ಲದಾಯಿತು.

ಆಯುಷ್ಯವು ಹೆಚ್ಚಿರುವ ಈ ಕಾಲದಲ್ಲಿ ಇಂತಹ ವೃದ್ಧರು ಇಲ್ಲದ ಮನೆಗಳು ವಿರಳ. ಆದುದರಿಂದ ಜೀವನವಿಡೀ ಹರಿಸ್ಮರಣೆಯಲ್ಲಿ ಕಳೆದವರಿಗೆ ಕೊನೆಯಲ್ಲಿ ಸ್ಮರಣೆಯೇ ತಪ್ಪಿದರೆ ಆ ಸಾಧನೆಯ ಗತಿಯೇನು ಎಂಬ ಪ್ರಶ್ನೆಯನ್ನು ವಾಚಕರೊಡನೆ ವಿಚಾರಮಾಡುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ಮಾತೋಶ್ರೀಯವರು ಹುಟ್ಟಿದ್ದು 1930ರಲ್ಲಿ, ನಂಜನಗೂಡಿನ ಸಮೀಪದ ಒಂದು ಹಳ್ಳಿಯಲ್ಲಿ. ಹದಿನೇಳನೆಯ ವಯಸ್ಸಿಗೆ ಮೈಸೂರಿನ ನಮ್ಮ ಮನೆಯನ್ನು ತುಂಬಿದರು. ಶಾಲೆಯ ಓದು ಸ್ವಲ್ಪ, ಬಾಯಿಪಾಠ ಅಪಾರ. ಬೆಳಗಿನ ಜಾವ ಮಡಿಯುಟ್ಟು ಒಲೆಯ ಮುಂದೆ ಕುಳಿತು ಹರಿಕಥಾಮೃತಸಾರದ ಸಂಧಿಗಳನ್ನು ಹೇಳುತ್ತಲೇ ಅಡಿಗೆ ಮುಗಿಸುತ್ತಿದ್ದರು. ಶ್ರೀವಾದಿರಾಜರ ಲಕ್ಷ್ಮೀಶೋಭಾನವನ್ನು ಅವರು ಹಾಡದ ಮದುವೆ ನಮ್ಮ ವಂಶದಲ್ಲಿ ನಡೆಯಲಿಲ್ಲ. ಚಾತುರ್ಮಾಸ್ಯ ಬಂದಿತೆಂದರೆ ಹುಣಸೆಹಣ್ಣು, ಮೆಣಸಿನಕಾಯಿಗಳು ಮೂಲೆ ಸೇರಿ ಮಾವಿನಪುಡಿ, ಕಾಳುಮೆಣಸು ಹೊರಗೆ ಬರುತ್ತಿದ್ದವು. ಶಾಕ, ದಧಿ, ಕ್ಷೀರ, ದ್ವಿದಳವೆಂಬ ನಾಲ್ಕು ವ್ರತಗಳನ್ನು ಕ್ರಮ ತಪ್ಪದೆ ನಡೆಸಿದರು. ಏಕಾದಶಿಯಂದು ಅವರು ನೀರನ್ನೂ ಮುಟ್ಟುತ್ತಿರಲಿಲ್ಲ. ಬಿಡುವಾದಾಗಲೆಲ್ಲ ಹತ್ತಿಯನ್ನು ತೆಗೆದುಕೊಂಡು ಬತ್ತಿ ಹೊಸೆಯುತ್ತಿದ್ದರು. ಮೊಮ್ಮಕ್ಕಳಿಗೆ ಪುರಾಣದ ಕಥೆ ಹೇಳುವಾಗಲೂ ಅವರ ಬೆರಳುಗಳು ಸುಮ್ಮನಿದ್ದುದನ್ನು ನಾವು ಕಂಡವರಲ್ಲ.

ಇಂತಹ ತಾಯಿಯ ವಿಷಯದಲ್ಲಿ ನಮ್ಮಿಂದ ನಡೆದ ಒಂದು ಅಪರಾಧವನ್ನು ಇಲ್ಲಿ ನಿವೇದಿಸದೆ ಮುಂದುವರಿಯುವುದು ಸರಿಯಲ್ಲ. 2018ರ ಆಷಾಢ ಶುದ್ಧ ಏಕಾದಶಿ. ಮಠಕ್ಕೆ ಹೋಗಿ ತಪ್ತಮುದ್ರಾಧಾರಣೆ ಮಾಡಿಸಿಕೊಂಡು ಮನೆಗೆ ಬಂದೆವು. ನಮ್ಮೊಡನೆ ನಾಲ್ಕಾರು ಮಂದಿ ಪರಿಚಿತರೂ ಇದ್ದರು. ಎಲ್ಲರ ಎದುರಿನಲ್ಲಿ ಮಾತೋಶ್ರೀಯವರು, “ಹಸಿವಾಗಿದೆ, ಅನ್ನ ಹಾಕಿ” ಎಂದರು. ನಮಗೆ ನಾಚಿಕೆಯಾಯಿತು. “ಅಮ್ಮ, ಇವತ್ತು ಏಕಾದಶಿ! ನಮಗೆ ಕಲಿಸಿದವರೇ ನೀವಲ್ಲವೇ?” ಎಂದು ಗಟ್ಟಿಯಾಗಿ ನುಡಿದುಬಿಟ್ಟೆವು. ಅವರು ಪೆಟ್ಟು ತಿಂದ ಮಗುವಿನಂತೆ ಮುದುಡಿ, “ತಪ್ಪಾಯಿತಪ್ಪ” ಎಂದರು. ಒಳಗಿನಿಂದ ಬಂದ ಮೊಮ್ಮಗಳು ಏನೂ ಮಾತನಾಡದೆ ಒಂದು ಲೋಟ ಹಾಲನ್ನೂ ಬಾಳೆಹಣ್ಣನ್ನೂ ಅಜ್ಜಿಯ ಕೈಗಿತ್ತು ಪಕ್ಕದಲ್ಲಿ ಕುಳಿತಳು.

ಉಪವಾಸದ ನಿಯಮವು ಎಂಟು ವರ್ಷ ಮೀರಿದ, ಎಂಬತ್ತು ವರ್ಷ ತುಂಬದ ಮನುಷ್ಯರಿಗೆ ವಿಧಿಸಿದ್ದೆಂದು ಸ್ಮೃತಿವಚನವಿದೆ. ಆಗ ಅವರಿಗೆ 88 ವರ್ಷ. ಶಾಸ್ತ್ರವು ಅವರನ್ನು ಎಂದೋ ಬಿಟ್ಟಿತ್ತು, ಬಿಡದವರು ನಾವು. ಅಂದು ವ್ರತಭಂಗವಾದುದು ಅವರದಲ್ಲ. ಏಕಾದಶಿಯ ದಿನ ಹೊಟ್ಟೆಯನ್ನು ಖಾಲಿಯಾಗಿಟ್ಟುಕೊಂಡು, ಜನರೆದುರಿನ ಗೌರವಕ್ಕಾಗಿ ತಾಯಿಯ ಮೇಲೆ ಕೋಪಿಸಿಕೊಂಡ ನಮ್ಮದೇ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಅಂತ್ಯಕಾಲದಲ್ಲಿ ಯಾವುದನ್ನು ಸ್ಮರಿಸುತ್ತ ದೇಹವನ್ನು ಬಿಡುವನೋ ಅದನ್ನೇ ಜೀವನು ಹೊಂದುವನೆಂದು ಗೀತೆಯ ಎಂಟನೆಯ ಅಧ್ಯಾಯವು ಹೇಳುವುದು ಸರ್ವವಿದಿತ. ಆದರೆ ಆ ಸ್ಮರಣೆಯು ಸದಾಕಾಲದ ಭಾವನೆಯಿಂದ ಬರತಕ್ಕದ್ದೆಂದು ಅದೇ ಶ್ಲೋಕದಲ್ಲಿಯೇ ಹೇಳಿರುವುದನ್ನು ನಾವು ಮರೆಯುತ್ತೇವೆ. ಅಂತ್ಯಕಾಲವೆಂಬುದು ಪರೀಕ್ಷೆಯ ಕೊನೆಯ ಗಂಟೆಯಲ್ಲ. ಅಜಾಮಿಳನ ಕಥೆಯನ್ನು ಅನೇಕರು ಉದಾಹರಿಸುತ್ತಾರೆ. ಮಗನನ್ನು ಕರೆಯುವ ನೆಪದಲ್ಲಿ ನಾರಾಯಣನಾಮವನ್ನು ಉಚ್ಚರಿಸಿದ ಅವನು ಯಮದೂತರಿಂದ ಪಾರಾದುದು ನಿಜ. ಆದರೆ ಅವನು ಅಲ್ಲಿಂದ ನೇರವಾಗಿ ವೈಕುಂಠಕ್ಕೆ ತೆರಳಲಿಲ್ಲ. ಗಂಗಾದ್ವಾರಕ್ಕೆ ಹೋಗಿ ಸಾಧನೆ ಮಾಡಿದ ಮೇಲೆಯೇ ತೆರಳಿದನೆಂದು ಭಾಗವತದ ಆರನೆಯ ಸ್ಕಂಧವು ಹೇಳುತ್ತದೆ. ಅವನಿಗೆ ನಾಮ ಮೊದಲು, ಸಾಧನೆ ಆಮೇಲೆ. ಎಪ್ಪತ್ತು ವರ್ಷ ಸಾಧನೆ ಮಾಡಿ, ಆಮೇಲೆ ನಾಮವನ್ನು ಮರೆತವರನ್ನು ಅವನಿಗಿಂತ ಕಡೆಯಾಗಿ ಎಣಿಸುವುದು ಯಾವ ನ್ಯಾಯ?

ಮರೆವು ಯಾರಿಗೆ ಎಂಬುದನ್ನೂ ವಿಚಾರಿಸಬೇಕು. ನಾವು ವ್ಯವಹಾರದಲ್ಲಿ ಬಳಸುವ ಈ ಮನಸ್ಸು ಕಣ್ಣು ಕಿವಿಗಳಂತೆ ಒಂದು ಇಂದ್ರಿಯ; ಜಡ. ವೃದ್ಧಾಪ್ಯದಲ್ಲಿ ಕಣ್ಣು ಮಂಜಾದರೆ ‘ಭಕ್ತಿ ಹೋಯಿತು’ ಎನ್ನುವುದಿಲ್ಲ. ಮನಸ್ಸು ಮಂಜಾದಾಗ ಮಾತ್ರ ಹಾಗೇಕೆ ಅನ್ನಬೇಕು? ಜೀವನ ಸ್ವರೂಪವು ಇವೆಲ್ಲಕ್ಕೂ ಭಿನ್ನವಾದುದೆಂದು ನಮ್ಮ ಸಿದ್ಧಾಂತ. ಮೇಲಾಗಿ, ಸ್ಮೃತಿಯೂ ಜ್ಞಾನವೂ ಅವುಗಳ ಲೋಪವೂ ತನ್ನಿಂದಲೇ ಎಂದು ಭಗವಂತನು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಸ್ಮರಣೆಯು ನಮ್ಮ ಸ್ವಂತ ಸಂಪಾದನೆಯೆಂದು ತಿಳಿದವನಿಗೆ ಅದು ಕಳೆದಾಗ ಸರ್ವಸ್ವವೂ ಕಳೆದಂತೆ ಕಂಡೀತು. ಅದೂ ಹರಿಯ ಅಧೀನವೆಂದು ತಿಳಿದವನು, ಕೊಟ್ಟವನೇ ಹಿಂತೆಗೆದುಕೊಂಡನೆಂದು ಸಮಾಧಾನ ತಾಳಬಲ್ಲನು.

ಇನ್ನೊಂದು ವಿಷಯವೂ ನಮಗೆ ಬಹಳ ಧೈರ್ಯವನ್ನು ಕೊಟ್ಟಿತು. ಪ್ರತಿಯೊಂದು ದೇಹದಲ್ಲಿಯೂ ಮುಖ್ಯಪ್ರಾಣದೇವರು ನೆಲೆಸಿ, ದಿನವೊಂದಕ್ಕೆ 21,600 ಶ್ವಾಸಗಳಲ್ಲಿ ಹಂಸಮಂತ್ರದ ಜಪವನ್ನು ನಡೆಸುತ್ತಾರೆ. ನಾವು ನಿದ್ರಿಸಿದರೂ ಅವರಿಗೆ ನಿದ್ರೆಯಿಲ್ಲ. ಹಾಗಾದರೆ ನಾಲಗೆ ನಿಂತುಹೋದ ಆ ಎಂಟು ವರ್ಷಗಳಲ್ಲಿಯೂ ನಮ್ಮ ಮಾತೋಶ್ರೀಯವರ ದೇಹದಲ್ಲಿ ಜಪವು ಒಂದು ಗಳಿಗೆಯೂ ನಿಲ್ಲಲಿಲ್ಲ. ಕೊನೆಯ ರಾತ್ರಿ ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಆ ಉಸಿರಾಟವನ್ನು ಕೇಳುತ್ತಿದ್ದಾಗ ನಮಗೆ ಈ ಮಾತು ನೆನಪಾಯಿತು.

ಇಷ್ಟರಿಂದ ಅವರಿಗೆ ಇಂತಹ ಗತಿಯೇ ಆಯಿತೆಂದು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಅದನ್ನು ಬಲ್ಲವನು ಹರಿಯೊಬ್ಬನೇ. ಕೊನೆಯಲ್ಲಿ ಹೇಗಾದರೂ ಆಗಲೆಂದು ಸಾಧನೆಯನ್ನು ಸಡಿಲಿಸಬಹುದೆಂಬುದೂ ಇದರ ತಾತ್ಪರ್ಯವಲ್ಲ. ಇಂದ್ರಿಯಗಳು ಯಾವಾಗ ಕೈಬಿಡುವುವೋ ತಿಳಿಯದು. ಆದುದರಿಂದ ಅವು ಗಟ್ಟಿಯಾಗಿರುವಾಗಲೇ ಅವುಗಳಿಂದ ಸೇವೆ ಮಾಡಿಸಬೇಕು. ಮಾತೋಶ್ರೀಯವರು ಹಾಗೆ ಮಾಡಿದ್ದರು.

ಉಳಿದಿರುವುದು ನಮ್ಮ ಕರ್ತವ್ಯ. ಹಿರಿಯರಿಗೆ ಸ್ಮರಣೆ ತಪ್ಪಿದಾಗ ಮನೆಯವರೇ ಅವರ ಸ್ಮರಣೆಯಾಗಬೇಕು. ಅವರ ಕಿವಿಗೆ ಬೀಳುವಂತೆ ಹಾಡುವುದು, ದೇವರ ಮುಂದೆ ಕೂರಿಸುವುದು, ತೀರ್ಥಪ್ರಸಾದ ಕೊಡುವುದು, ಎಲ್ಲಕ್ಕಿಂತ ಮೊದಲು ಗದರದಿರುವುದು. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಮೂರು ತಲೆಮಾರಿನ ಸ್ತ್ರೀಯರ ಹೆಸರನ್ನು ಹಿಡಿದು ಹೇಳುವ ಕ್ರಮವನ್ನು ನಮ್ಮ ಹಿರಿಯರು ಇಟ್ಟಿದ್ದಾರೆ. ಮುತ್ತಜ್ಜಿಯ ಹೆಸರು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿದಿರುವುದು ಆ ಒಂದು ಸಂದರ್ಭದಿಂದಲೇ. ಆದರೆ ದೇಹ ಬಿದ್ದ ಮೇಲೆ ಎಚ್ಚರದಿಂದ ಉಚ್ಚರಿಸುವ ಹೆಸರನ್ನು, ಜೀವಂತರಾಗಿದ್ದಾಗ ಪ್ರೀತಿಯಿಂದ ಕರೆಯದಿದ್ದರೆ ಅದು ಎಂತಹ ಶ್ರದ್ಧೆ?

ಕೊನೆಯ ವರ್ಷಗಳಲ್ಲಿ ಮಾತೋಶ್ರೀಯವರು ಸೀರೆಯ ಸೆರಗಿನ ಅಂಚನ್ನು ಹಗಲೆಲ್ಲ ತಿರುಚುತ್ತಿದ್ದರು. ಅದನ್ನು ರೋಗದ ಚಡಪಡಿಕೆಯೆಂದು ತಿಳಿದು ನಾವು ಬಿಡಿಸುತ್ತಿದ್ದೆವು. ಒಂದು ದಿನ ಆ ಮೊಮ್ಮಗಳೇ ಅವರ ಕೈಗೆ ಸ್ವಲ್ಪ ಹತ್ತಿಯನ್ನು ಕೊಟ್ಟಳು. ಬೆರಳುಗಳು ಬತ್ತಿಯನ್ನು ಹೊಸೆದವು. ಅನಂತರ ದಿನವೂ ಕೊಟ್ಟೆವು. ಕೆಲವು ನೆಟ್ಟಗಿದ್ದವು, ಹೆಚ್ಚಿನವು ಸೊಟ್ಟಗಿದ್ದವು. ಅವುಗಳಿಂದ ತುಂಬಿದ ಒಂದು ಡಬ್ಬಿ ಈಗಲೂ ದೇವರ ಮನೆಯಲ್ಲಿದೆ. ಪ್ರತಿ ಕಾರ್ತಿಕದಲ್ಲಿ ದೀಪೋತ್ಸವಕ್ಕೆ ಅವುಗಳಲ್ಲಿ ಕೆಲವನ್ನು ದೇವಸ್ಥಾನಕ್ಕೆ ತರುತ್ತೇವೆ. ಸೊಟ್ಟ ಬತ್ತಿಯೂ ಎಣ್ಣೆ ಹೀರಿ ಬೆಳಗುತ್ತದೆ. ಕೊನೆಯಲ್ಲಿ ಹರಿನಾಮ ಬಂದಿತೇ ಎಂದು ಯಾರಾದರೂ ಈಗ ಕೇಳಿದರೆ, ಅವರಿಗೆ ಆ ದೀಪವನ್ನು ತೋರಿಸುವೆವು.

ಶ್ರೀಕೃಷ್ಣಾರ್ಪಣಮಸ್ತು.