ಗುಡಿಸುವ ಮುನ್ನ ಒಮ್ಮೆ ನೋಡೋಣ

ಶಾಲೆ ಶುರುವಾಗುವ ಮುನ್ನ ಹಳೆಯ ಪಠ್ಯಪುಸ್ತಕ ಕೊಳ್ಳಲು ಮಗಳೊಂದಿಗೆ ಅವೆನ್ಯೂ ರಸ್ತೆಗೆ ಹೋಗಿದ್ದೆ. ಅಂಗಡಿಯ ಪಕ್ಕದ ಓಣಿಯಲ್ಲಿ ಒಂದು ಮನೆಯ ಕಿಟಕಿ ಸರಳಿನ ಮೂಲೆಯಲ್ಲಿ, ಸಾಸಿವೆಗಿಂತ ಚಿಕ್ಕ ಜೀವಿಗಳು ನೂರಾರು ಮುದ್ದೆಯಾಗಿ ಕೂತಿದ್ದವು. ಮಗಳು ಮೆಲ್ಲನೆ ಊದಿದಳು. ಗುಂಪು ಚದರಿತು, ತುಸು ಹೊತ್ತಿನಲ್ಲೇ ಮತ್ತೆ ಒಂದಾಯಿತು.

ಮನೆಯಾಕೆ ಪೊರಕೆ ಹಿಡಿದು ಬಂದರು. "ಏನು ಹುಳವೋ ಏನೋ, ಒಳಗೆ ಬರೋ ಮೊದಲು ಗುಡಿಸಿಬಿಡ್ತೀನಿ."

"ಮೊದಲು ಕಾಲು ಎಣಿಸೋಣ ಆಂಟಿ" ಎಂದಳು ಮಗಳು. ಪುಸ್ತಕದಂಗಡಿಯವರು ಭೂತಗನ್ನಡಿ ಕೊಟ್ಟರು. ಎಂಟು ಕಾಲು! ಸುತ್ತಲೂ ನವಿರಾದ ನೂಲು; ಪಕ್ಕದಲ್ಲೇ ಒಡೆದ ಮೊಟ್ಟೆಚೀಲ. ಅವು ಜೇಡನ ಮರಿಗಳು.

ಕೀಟಗಳ ಮರಿಗಳಾಗಿದ್ದರೆ ಆರು ಕಾಲು, ತಲೆಯ ಮೇಲೆ ಎರಡು ಮೀಸೆ ಇರುತ್ತಿದ್ದವು. ಆಗತಾನೇ ಹುಟ್ಟಿದ ಉಣ್ಣೆ ಹುಳುವಿಗೂ ಆರೇ ಕಾಲು. ಆದರೆ ಅದು ನೂಲು ನೇಯುವುದಿಲ್ಲ. ಯಾವ ಜಾತಿಯ ಜೇಡವೆಂದು ಮರಿಯಿಂದ ಹೇಳುವುದು ಕಷ್ಟ, ತಾಯಿಯನ್ನೇ ಹುಡುಕಬೇಕು. ತೋಳ ಜೇಡವಾದರೆ ತಾಯಿ ಮರಿಗಳನ್ನು ಬೆನ್ನ ಮೇಲೆಯೇ ಹೊತ್ತು ತಿರುಗುತ್ತದೆ.

ಮೊಟ್ಟೆಯ ಆಹಾರ ಇನ್ನೂ ಒಡಲಲ್ಲಿ ಉಳಿದಿರುವುದರಿಂದ ಮರಿಗಳು ಕೆಲವು ದಿನ ಒಟ್ಟಿಗಿದ್ದು, ಬಳಿಕ ಎಳೆ ಬಿಟ್ಟು ಗಾಳಿಯಲ್ಲಿ ತೇಲಿಹೋಗುತ್ತವೆ. 1832ರಲ್ಲಿ ಚಾರ್ಲ್ಸ್ ಡಾರ್ವಿನ್, ದಡದಿಂದ ಸುಮಾರು 60 ಮೈಲಿ ದೂರದ ಕಡಲಿನಲ್ಲಿ, ತಮ್ಮ ಬೀಗಲ್ ಹಡಗಿನ ಹಗ್ಗಗಳ ಮೇಲೆ ಸಾವಿರಾರು ಪುಟ್ಟ ಜೇಡಗಳು ಬಂದಿಳಿದದ್ದನ್ನು ಕಂಡರು.

ಉಣ್ಣೆಯೇ ಆಗಿದ್ದರೆ? ನಾಯಿ, ಮಕ್ಕಳು ಓಡಾಡುವ ಓಣಿ, ಗುಡಿಸುವುದೇ ಸರಿ. ಆದ್ದರಿಂದ ನೋಡುವುದೆಂದರೆ ಎಲ್ಲವನ್ನೂ ಉಳಿಸುವುದೆಂದಲ್ಲ. ಅರಿಯದೆ ಕೊಲ್ಲುವುದು ಕ್ರೌರ್ಯವಾದರೆ, ಅರಿಯದೆ ಕನಿಕರಪಡುವುದು ಬೇಜವಾಬ್ದಾರಿ.

"ಉಳಿಸಿದರೂ ಬಹುಪಾಲು ಸಾಯುತ್ತವಲ್ಲ?" ಎಂದು ನೀವು ಕೇಳಬಹುದು. ನಿಜ, ಬದುಕಿ ಬೆಳೆಯುವುದು ಕೆಲವು ಮಾತ್ರ. ಆದರೆ ಅವುಗಳ ಆಯುಷ್ಯದ ಲೆಕ್ಕ ನಮ್ಮದಲ್ಲ. ನಮ್ಮ ಕೈಯಲ್ಲಿರುವ ಪೊರಕೆಯ ಲೆಕ್ಕ ಮಾತ್ರ ನಮ್ಮದು.

ಆದಿಕಾಂಡದಲ್ಲಿ ದೇವರು ಪ್ರಾಣಿಪಕ್ಷಿಗಳನ್ನು ಮಾನವನ ಬಳಿಗೆ ತಂದದ್ದು ಅವನು ಏನೆಂದು ಹೆಸರಿಡುವನೋ ನೋಡಲು. ಹೆಸರಿಡಬೇಕಾದರೆ ಹತ್ತಿರ ಬಾಗಿ ನೋಡಬೇಕು. ನಮ್ಮ ಬೀದಿಗೆ ಹೊಸದಾಗಿ ಗುಂಪಾಗಿ ಬಂದ ಜನರ ವಿಷಯದಲ್ಲಾದರೂ ನಾವು ಅಷ್ಟು ಮಾಡುತ್ತೇವೆಯೇ? ಅವರ ಹೆಸರು ಕೇಳುವ ಮೊದಲೇ ತೀರ್ಪು ಕೊಟ್ಟಿರುತ್ತೇವೆ.

ಆ ತಾಯಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಇನ್ನೆರಡು ದಿನ ಇರಲಿ ಬಿಡಮ್ಮ, ಆಮೇಲೆ ಗುಡಿಸ್ತೀನಿ" ಎಂದು ಪೊರಕೆಯನ್ನು ಬಾಗಿಲ ಹಿಂದೆ ಇಟ್ಟರು.