ಏನೂ ಆಗಲಿಲ್ಲವಲ್ಲ ಸಾರ್

ಚನ್ನರಾಯಪಟ್ಟಣದಲ್ಲಿ ನಾನು ಡ್ರೈವಿಂಗ್ ಕಲಿಸುತ್ತೇನೆ. 18 ತುಂಬಿ ಎಲ್‌ಎಲ್‌ಆರ್ ಮಾಡಿಸಿಕೊಂಡು ಬರುವ ಹುಡುಗರಿಗೆ ಕ್ಲಚ್ಚು, ಗೇರು ಬೇಗ ಹತ್ತುತ್ತವೆ. ಕಣ್ಣು ಮಾತ್ರ ಬಾನೆಟ್ ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓಡಿಸಿ ಎನ್ನುತ್ತೇನೆ. "ಎಡಗಡೆ ಕರು ಸಾರ್." ಸರಿ, ಹಸು ಎಲ್ಲಿ? ಬಲಗಡೆ ಇದ್ದರೆ ಕರು ದಾಟಿಯೇ ದಾಟುತ್ತದೆ, ಕಾಲು ಈಗಲೇ ಬ್ರೇಕಿನ ಮೇಲಿರಲಿ. ಒಕ್ಕಣೆಗೆಂದು ರಸ್ತೆಗೆ ಹರಡಿದ ರಾಗಿ ಕಂಡರೆ, ಎದುರಿನ ಬೈಕಿನವನು ಅದನ್ನು ತಪ್ಪಿಸಲು ನಮ್ಮ ಕಡೆಗೇ ಬರುತ್ತಾನೆ.

ನಿಂತ ಬಸ್ಸಿನ ಪಕ್ಕ 60ರಲ್ಲಿ ನುಗ್ಗಿದವನನ್ನು ಬೈದರೆ ಸಿಗುವ ಉತ್ತರ ಒಂದೇ: "ಏನೂ ಆಗಲಿಲ್ಲವಲ್ಲ ಸಾರ್!" ತಳ್ಳಿಹಾಕುವ ಮಾತಲ್ಲ. ತಪ್ಪು ಇರುವುದು ಓಡಿಸಿದ ರೀತಿಯಲ್ಲೋ, ಆದ ಅನಾಹುತದಲ್ಲೋ?

ಇದನ್ನು ಯೋಚಿಸುವಾಗ ನನಗೆ ಜೈನ ಮುನಿಗಳು ನೆನಪಾಗುತ್ತಾರೆ; ಶ್ರವಣಬೆಳಗೊಳ ನಮಗೆ ಹತ್ತಿರ. ವಿಹಾರ ಹೊರಟ ಮುನಿಗಳು ನವಿಲುಗರಿಯ ಪಿಂಛಿ ಹಿಡಿದು, ಬರಿಗಾಲಲ್ಲಿ, ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯುತ್ತಾರೆ. ಈರ್ಯಾಸಮಿತಿ ಎಂಬ ನಿಯಮವಿದು. ನಾಲ್ಕು ಮೊಳವೆಂದರೆ ಆರಡಿ. ಅವರ ನಿಧಾನದ ನಡಿಗೆಗೆ ಹೆಚ್ಚುಕಡಿಮೆ ಎರಡು ಸೆಕೆಂಡಿನ ದಾರಿ. 60ರ ವೇಗಕ್ಕೆ ಅದೇ ಎರಡು ಸೆಕೆಂಡು 33 ಮೀಟರ್ ಆಗುತ್ತದೆ!

ಜೈನ ಆಚಾರ್ಯ ಕುಂದಕುಂದರ 'ಪ್ರವಚನಸಾರ'ದಲ್ಲಿ, ಏನೂ ಆಗಲಿಲ್ಲವೆಂದ ಆ ಹುಡುಗನಿಗೆ ನೇರ ಉತ್ತರವಿದೆ. ಜೀವ ಉಳಿದರೂ ಹೋದರೂ ಎಚ್ಚರಗೇಡಿಗೆ ಹಿಂಸೆಯ ದೋಷ ತಪ್ಪದು. ಎಚ್ಚರದಿಂದ ನಡೆದವನಿಗೆ ಬರೀ ಪ್ರಾಣಹಾನಿಯಿಂದ ಕರ್ಮಬಂಧವಿಲ್ಲ ಎಂಬುದು ಅವರ ಮತ. ಕಾನೂನು ಅರ್ಧ ದಾರಿಯವರೆಗೆ ಅವರ ಜೊತೆ ಬರುತ್ತದೆ. ಯಾರಿಗೂ ಏಟಾಗದಿದ್ದರೂ ಅಪಾಯ ತರುವಂತೆ ಓಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ನಿನಲ್ಲಿ 6 ತಿಂಗಳವರೆಗೆ ಜೈಲುಂಟು. ಸಾವಾದರೆ 106ರಲ್ಲಿ 5 ವರ್ಷದವರೆಗೆ. ಓಡಿಸಿದ ರೀತಿ ಒಂದೇ ಇದ್ದರೂ, ಉಳಿದ ನಾಲ್ಕೂವರೆ ವರ್ಷ ಆ ಗಳಿಗೆಗೆ ಒಬ್ಬರು ಅಡ್ಡ ಬಂದದ್ದಕ್ಕೆ.

ಮೊದಲ ಮಾತಿಗೆ ನಾನು ಪೂರ್ತಿ ಆಚಾರ್ಯರ ಪಕ್ಷ. ಎರಡನೆಯದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಎಷ್ಟು ಎಚ್ಚರವಿದ್ದರೂ ನಮ್ಮ ಗಾಡಿಗೆ ಸಿಕ್ಕಿ ಒಂದು ಜೀವ ಹೋದರೆ, ದೋಷವಿಲ್ಲವೆಂದು ಆ ಮನೆಯ ಕಡೆ ತಲೆಹಾಕದೆ ಇರಲಾದೀತೆ? ಮುನಿಗಳೂ ಹಾಗೆ ಇರುವುದಿಲ್ಲ. ಅಷ್ಟು ನೋಡಿ ನೋಡಿ ನಡೆದವರು, ದಾರಿ ಮುಗಿದ ಮೇಲೆ ಈರ್ಯಾಪಥಶುದ್ಧಿ ಮಾಡುತ್ತಾರೆ. ತಿಳಿಯದೆ ಕಾಲಡಿ ಸಿಕ್ಕ ಜೀವಗಳಿಗಾಗಿ ಪಶ್ಚಾತ್ತಾಪಪಡುವ ಪ್ರತಿಕ್ರಮಣ ಅದು. ಬಂಧವೇ ಇಲ್ಲದಿದ್ದರೆ ಇದೇಕೆ? ಶಾಸ್ತ್ರ ಬಲ್ಲವರ ಬಳಿ ಸಮಾಧಾನವಿದ್ದೀತು. ನನಗಂತೂ ಆ ಸೂತ್ರಕ್ಕಿಂತ ಈ ಅಭ್ಯಾಸದ ಮೇಲೇ ನಂಬಿಕೆ ಹೆಚ್ಚು.